ಬಿಸಿ ಮೊದಲೋ, ಭಯ ಮೊದಲೋ

ನನಗೀಗ 53. ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಐವತ್ತಕ್ಕೆ ಮುಟ್ಟು ನಿಂತಾಗ ನಿರಾಳವಾಗಿತ್ತು. ಹಬ್ಬದ ದಿನವೇ ಹೊರಗಾದರೆ ಏನು ಮಾಡುವುದು ಎಂಬ ಚಿಂತೆ ಇನ್ನಿಲ್ಲವಲ್ಲ! ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತು ಅನ್ನುತ್ತಾರೆ. ನನ್ನ ಕಷ್ಟ ಶುರುವಾದದ್ದೇ ಅದು ದಾಟಿದ ಮೇಲೆ.

ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಎದೆಯಿಂದ ಕೆನ್ನೆಯವರೆಗೆ ಝಳ ಏರಿ ರವಿಕೆಯೆಲ್ಲ ಒದ್ದೆ. ಎದೆ ಡವಡವ, ಜೊತೆಗೆ ಯಾರಿಗೋ ಏನೋ ಆಗಿಬಿಡುತ್ತದೆ ಎಂಬ ಭಯ. ಬೆಳಗ್ಗೆ ಒಗ್ಗರಣೆ ಹಾಕುವಾಗ ಸುಮ್ಮಸುಮ್ಮನೆ ಅಳು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕಂಪಾಸ್ ಬಾಕ್ಸ್ ಕೆಳಗೆ ಬಿತ್ತೆಂದು ಅವಳ ಮೇಲೆ ಕೂಗಾಡಿದೆ. ಮರುದಿನ ಅವಳು ಮುಂದಿನ ಬೆಂಚು ಬಿಟ್ಟು ಕೊನೆಗೆ ಹೋಗಿ ಕೂತಿದ್ದಳು. ಅದು ಈಗಲೂ ಚುಚ್ಚುತ್ತದೆ.

"ಎಲ್ರಿಗೂ ಆಗೋದೇ ಕಣೇ, ಒಂದೆರಡು ವರ್ಷ ತಡ್ಕೋ" ಅಂದಳು ಅಕ್ಕ. ಮೊದಲು ತೋರಿಸಿದ ಡಾಕ್ಟರು ವಯಸ್ಸಿನದು ಎಂದು ಬಿ ಕಾಂಪ್ಲೆಕ್ಸ್ ಬರೆದು ಕಳಿಸಿದರು.

ಮನೆಗೆ ಬಂದು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದೆ. ಝಳ ಬಂದ ಹೊತ್ತು, ನಿದ್ದೆ ಎಷ್ಟು ಗಂಟೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಆರು ವಾರ ಬರೆದು ಬೇರೊಬ್ಬ ಸ್ತ್ರೀರೋಗ ತಜ್ಞೆಯ ಮುಂದಿಟ್ಟೆ. ಅವರು ಪುಟ ಪುಟ ನೋಡಿದರು. ಥೈರಾಯ್ಡ್ ಏರುಪೇರಾದರೂ ಹೀಗೇ ಆಗುತ್ತದೆಂದು ಟಿಎಸ್ಎಚ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಎಲ್ಲ ಮಾಡಿಸಿದರು. ಬಿ12 ಮಾತ್ರ ಕಡಿಮೆ ಇತ್ತು.

ಅವರು ಹೇಳಿದ ಒಂದು ವಿಷಯ ನನಗೆ ಬಹಳ ಕೆಲಸಕ್ಕೆ ಬಂತು. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದಾಗ ಮೈಯ ಬಿಸಿ ನೋಡಿಕೊಳ್ಳುವ ಮಿದುಳಿನ ಭಾಗ ಸೂಕ್ಷ್ಮವಾಗುತ್ತದೆ. ಕೊಂಚ ಬಿಸಿಯಾದರೂ ಸಾಕು, ಮೈ ಕಾದಿದೆ ಎಂದು ಬೆವರಿಳಿಸುತ್ತದೆ, ಎದೆಬಡಿತ ಏರಿಸುತ್ತದೆ. ಅಂದರೆ ಆ ಡವಡವಕ್ಕೆ ಭಯವೇ ಕಾರಣ ಆಗಬೇಕಿಲ್ಲ. ಅಂದಿನಿಂದ ನೋಟ್‌ಬುಕ್ಕಿಗೆ ನಾಲ್ಕನೇ ಕಾಲಂ ಸೇರಿತು: ಬಿಸಿ ಮೊದಲೋ, ಭಯ ಮೊದಲೋ? ಹೆಚ್ಚಿನ ರಾತ್ರಿ ಬಿಸಿಯೇ ಮೊದಲು. ಆಮೇಲೆ ಎಚ್ಚರವಾದಾಗ ಕಾರಣ ಹುಡುಕುವುದನ್ನು ಬಿಟ್ಟೆ. ಮುಖಕ್ಕೆ ನೀರು ಹಾಕಿಕೊಂಡು, ಉಸಿರನ್ನು ನಿಧಾನಕ್ಕೆ ಬಿಡುತ್ತ ಕೂರುತ್ತಿದ್ದೆ. ಕೆಲವು ನಿಮಿಷಕ್ಕೆ ಇಳಿದುಹೋಗುತ್ತಿತ್ತು.

ಹಾರ್ಮೋನ್ ಚಿಕಿತ್ಸೆಯನ್ನೂ ಕೊಟ್ಟರು. ಕೊಡುವ ಮೊದಲು ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಿತ್ತಕೋಶದ ತೊಂದರೆ ಎಲ್ಲ ವಿಚಾರಿಸಿ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿದರು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ, ಜೊತೆಗೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಮತ್ತೆ ರಕ್ತ ಕಂಡರೆ ಒಂದು ದಿನವೂ ಕಾಯದೆ ಬನ್ನಿ ಎಂದು ಎರಡು ಸಲ ಹೇಳಿದರು.

ಎರಡು ತಿಂಗಳಲ್ಲಿ ಝಳ ದಿನಕ್ಕೆ ಒಂಬತ್ತರಿಂದ ಎರಡಕ್ಕೆ ಬಂತು. ನಿದ್ದೆ ಆರು ಗಂಟೆ. ಆದರೆ ಮನಸ್ಸಿನ ಕಾಲಂ ಮೂರು ಬಿಟ್ಟು ಮೇಲೇಳಲಿಲ್ಲ. ಅಡುಗೆ, ಪಾಠ, ಮೊಮ್ಮಗುವಿನ ಸುದ್ದಿ ಯಾವುದರಲ್ಲೂ ರುಚಿಯಿಲ್ಲ. ಬರೆದಿಡದೆ ಇದ್ದಿದ್ದರೆ ಮಾತ್ರೆ ಕೆಲಸ ಮಾಡಿದೆ, ನನ್ನದೇ ತಪ್ಪು ಅಂದುಕೊಳ್ಳುತ್ತಿದ್ದೆ.

ಒಂದು ರಾತ್ರಿ ಬದುಕೇ ಬೇಡ ಅನ್ನಿಸಿ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ಎಲ್ಲೂ ಅವಸರ ಮಾಡಲಿಲ್ಲ. ಬೆಳಗ್ಗೆ ಆಗುತ್ತಲೇ ನಮ್ಮನೆಯವರಿಗೆ ಹೇಳಿ ಮನೋವೈದ್ಯರ ಹತ್ತಿರ ಹೋದೆ.

ಅವರು ಕೇಳಿದರು: "ಹೆರಿಗೆ ಆದ ಮೇಲೆ ಹೀಗೆ ಯಾವಾಗಲಾದರೂ ಆಗಿತ್ತಾ ಅಮ್ಮ?"

ಆಗಿತ್ತು. 1998ರಲ್ಲಿ ಮಗ ಹುಟ್ಟಿದಾಗ ಎರಡು ತಿಂಗಳು ಅತ್ತಿದ್ದೆ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿರಲಿಲ್ಲ. ಬಾಣಂತಿ ಸನ್ನಿ ಇರಬೇಕೆಂದು ಅಮ್ಮ ದೃಷ್ಟಿ ತೆಗೆದಿದ್ದಳು. 25 ವರ್ಷ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹಿಂದೆ ಖಿನ್ನತೆ ಬಂದಿದ್ದವರಿಗೆ ಈ ವಯಸ್ಸಿನ ಹಾರ್ಮೋನ್ ಏರಿಳಿತದಲ್ಲಿ ಮತ್ತೆ ಬರುವ ಸಾಧ್ಯತೆ ಹೆಚ್ಚಂತೆ. ಕೇಳಿದೊಡನೆ ಅಲ್ಲೇ ಅತ್ತುಬಿಟ್ಟೆ.

ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಶುರುವಾಯಿತು. ಮೊದಲ ವಾರ ಹೊಟ್ಟೆ ತೊಳಸಿತು, ನಾಲ್ಕನೇ ವಾರದವರೆಗೂ ದೊಡ್ಡ ಬದಲಾವಣೆ ಇಲ್ಲ. ಬಿಡಬೇಡಿ ಎಂದು ಅವರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಆರನೇ ವಾರ ಮನಸ್ಸಿನ ಕಾಲಮಿನಲ್ಲಿ ಆರು ಬರೆದೆ. ಈಗ ಏಳು, ಒಮ್ಮೊಮ್ಮೆ ಎಂಟು. ಕ್ಲಾಸಿನಲ್ಲಿ ಆ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತಮ್ಮ ಅಂದೆ.

ಮಗಳು ಈಗ ಎರಡನೆಯದಕ್ಕೆ ಏಳು ತಿಂಗಳ ಬಸುರಿ. ಹೋದ ವಾರ ಅವಳ ಜೊತೆ ತಪಾಸಣೆಗೆ ಹೋಗಿ, ನನ್ನ 1998ರ ಬಾಣಂತನದ ಕತೆಯನ್ನು ಅವಳ ಡಾಕ್ಟರಿಗೆ ಹೇಳಿ, ಫೈಲಿನಲ್ಲಿ ಬರೆಸಿ ಬಂದೆ.