4.74 ಸೆಕೆಂಡಿನಲ್ಲಿ ಒಂದು ಡಿಕ್ಕಿ

ಗ್ರಹಗಳು ಹುಟ್ಟುವ ಮೊದಲು ಸೂರ್ಯನ ಸುತ್ತ ಇದ್ದದ್ದು ಅನಿಲ ಮತ್ತು ದೂಳು. ಸುತ್ತುತ್ತಾ ಸುತ್ತುತ್ತಾ ಆ ದೂಳು ಒಂದಕ್ಕೊಂದು ಅಂಟಿ ಉಂಡೆಯಾಯಿತು. ಅಂಥ ಎರಡು ಉಂಡೆಗಳು ಮೆಲ್ಲಗೆ ತಾಗಿದರೆ ಅಂಟುತ್ತವೋ, ಪುಟಿಯುತ್ತವೋ? ಇದೇ ನನ್ನ ಪ್ರಶ್ನೆಯಾಗಿತ್ತು.

ಮೆಲ್ಲಗೆ ಅಂದರೆ ಸೆಕೆಂಡಿಗೆ 5 ಮಿಲಿಮೀಟರ್. ನೆಲದ ಮೇಲೆ ಇದು ಆಗದ ಮಾತು. ಕೈಬಿಟ್ಟ ವಸ್ತು ಒಂದು ಕೂದಲಿನ ದಪ್ಪದಷ್ಟು ಬೀಳುವ ಮೊದಲೇ ಆ ವೇಗವನ್ನು ದಾಟಿರುತ್ತದೆ. ಅದಕ್ಕೇ ಜರ್ಮನಿಯ ಬ್ರೆಮೆನ್‌ನ ಡ್ರಾಪ್ ಟವರ್‌ಗೆ ಹೋದೆವು. ಗೋಪುರದ ಎತ್ತರ 146 ಮೀಟರ್. ಒಳಗಿನ ಕೊಳವೆಯಿಂದ ಗಾಳಿ ತೆಗೆದು, ಪ್ರಯೋಗದ ಸಲಕರಣೆ ಇಟ್ಟ ಕ್ಯಾಪ್ಸೂಲನ್ನು ಸುಮಾರು 110 ಮೀಟರ್ ಬೀಳಿಸುತ್ತಾರೆ. ಬೀಳುವಷ್ಟು ಹೊತ್ತು ಅದರೊಳಗಿನ ವಸ್ತುಗಳು ತೂಕವೇ ಇಲ್ಲದಂತೆ ತೇಲುತ್ತವೆ. ಹಾಗೆ ಸಿಗುವ ಸಮಯ 4.74 ಸೆಕೆಂಡು. ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿದರೆ 9 ಸೆಕೆಂಡಿಗೂ ಜಾಸ್ತಿ ಸಿಗುತ್ತದೆ. ಆದರೆ ಆ ಹೊಡೆತಕ್ಕೆ ಉಂಡೆಗಳು ಅದುಮಿಹೋಗುತ್ತವೆ ಅನ್ನುವ ಭಯ ನನಗೆ. ಬೀಳಿಸುವುದೇ ಸರಿ ಅನ್ನಿಸಿತು.

ಉಂಡೆ ಮಾಡುವುದಕ್ಕೆ ಬೇಕಾದ್ದು ತಾಳ್ಮೆ. ಒಂದೂವರೆ ಮೈಕ್ರೋಮೀಟರ್ ಗಾತ್ರದ ಸಿಲಿಕಾ ದೂಳನ್ನು ಜರಡಿ ಹಿಡಿದರೆ ಮಿಲಿಮೀಟರ್ ಗಾತ್ರದ ಉಂಡೆಗಳು ಸಿಗುತ್ತವೆ. ಒಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ ಜಾಗ. ಚಿಮಟದಿಂದ ಹಿಡಿದರೆ ಮುಗೀತು. ಮೆತ್ತನೆಯ ಬ್ರಷ್ಷಿನಲ್ಲಿ ಎತ್ತಿ ಪುಟ್ಟ ಬಟ್ಟಲಲ್ಲಿ ಕೂರಿಸುತ್ತಿದ್ದೆ. ಎರಡರ ನಡುವೆ ಒಂದು ಸೆಂಟಿಮೀಟರ್ ಅಂತರ. ತಾಗುವುದಕ್ಕೆ ಎರಡು ಸೆಕೆಂಡು ಹೋದರೂ, ಆಮೇಲೆ ಏನಾಯಿತು ಅಂತ ನೋಡಲು ಇನ್ನೆರಡು ಸೆಕೆಂಡು ಉಳಿಯಬೇಕಲ್ವಾ?

ಮೊದಲ ಸಲ ಬಟ್ಟಲು ತೆರೆಯಿತು, ಉಂಡೆ ಹೊರಗೆ ಬರಲೇ ಇಲ್ಲ. ಸ್ಥಾಯೀ ವಿದ್ಯುತ್ತಿನಿಂದ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡಿತ್ತು. ಮತ್ತೆ ಗಾಳಿ ತೆಗೆಯಲು ಒಂದೂವರೆ ಗಂಟೆಗೂ ಮೇಲೆ ಬೇಕು. ದಿನಕ್ಕೆ ಮೂರು ಸಲ ಬೀಳಿಸಿದರೆ ಅದೇ ಹೆಚ್ಚು. ಆ ರಾತ್ರಿ ಕೂತು ಲೋಹದ ಬಟ್ಟಲು ಹಾಕಿ ಅರ್ಥಿಂಗ್ ಕೊಟ್ಟೆವು. ಇನ್ನೊಂದು ತಪ್ಪೂ ವಿಡಿಯೊದಲ್ಲಿ ಕಂಡಿತು. ಕ್ಯಾಪ್ಸೂಲ್ ಕೈಬಿಟ್ಟ ಕ್ಷಣ ಅದರ ಚೌಕಟ್ಟು ನಡುಗುತ್ತದೆ. ಆಗಲೇ ಬಟ್ಟಲು ತೆರೆದರೆ ಉಂಡೆ ಬುಗುರಿಯ ಹಾಗೆ ತಿರುಗುತ್ತದೆ. ಕಾಲು ಸೆಕೆಂಡು ತಡೆದು ತೆರೆದೆವು. ಇರುವುದೇ ಅಷ್ಟು ಸಮಯ, ಅದರಲ್ಲೂ ಕಳೆದುಕೊಳ್ಳುವುದು ಸಂಕಟವೇ.

ಮರುದಿನ ಎರಡೂ ಉಂಡೆಗಳು ನೆಟ್ಟಗೆ ಬಂದು ತಾಗಿದವು. ಅಂಟಲಿಲ್ಲ. ಪುಟಿದು ಬೇರೆಯಾದವು, ಬಂದದ್ದಕ್ಕಿಂತ ತುಂಬಾ ನಿಧಾನವಾಗಿ. ತಾಗಿದ ಜಾಗ ಚೂರು ಅದುಮಿ ಶಕ್ತಿಯನ್ನು ನುಂಗಿತ್ತು. ಆಮೇಲೆ ಕ್ಯಾಪ್ಸೂಲ್ ಥರ್ಮೋಕೋಲ್ ಮಣಿಗಳ ರಾಶಿಗೆ ಬಿತ್ತು. ತೆರೆದು ನೋಡಿದರೆ ಬರೀ ಬಿಳಿ ಪುಡಿ. ಹಿಂದಿನ ದಿನ ಎತ್ತಿಟ್ಟಿದ್ದ ಇನ್ನಷ್ಟು ಉಂಡೆಗಳ ಡಬ್ಬಿ ತೆಗೆದು, ಬ್ರಷ್ ಹಿಡಿದು ಮತ್ತೆ ಕೂತೆ.