ಮನೆಯಲ್ಲೇ ಟರ್ನ್‌ಟೇಬಲ್ ಕಟ್ಟುವುದು: ದುಡ್ಡು ಬೇರಿಂಗ್‌ಗೆ, ಮಿಕ್ಕಿದ್ದಕ್ಕೆ ಪ್ಲೈವುಡ್ ಸಾಕು

ಟರ್ನ್‌ಟೇಬಲ್, ಅಂದರೆ ಹಾಡಿನ ರೆಕಾರ್ಡನ್ನು ತಿರುಗಿಸಿ ನುಡಿಸುವ ಯಂತ್ರ, ಕಟ್ಟಲು ಹೊರಟವರು ಮೊದಲು ಕೇಳುವುದು ಯಾವ ಮರ, ಯಾವ ಪಾಲಿಶ್ ಅಂತ. ಅದು ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಬೇರಿಂಗ್, ಅಂದರೆ ರೆಕಾರ್ಡ್ ಇಡುವ ತಟ್ಟೆ ಕೂತು ತಿರುಗುವ ಆಧಾರ. ರೆಕಾರ್ಡಿನ ಗೆರೆಯೊಳಗಿನ ಏರಿಳಿತ ಕೂದಲೆಳೆಗಿಂತ ಸಣ್ಣದು. ಅದು ಹಾಡಿನ ಅಲುಗಾಟವೋ ಮೋಟಾರಿನದೋ ಅಂತ ಸೂಜಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಒಟ್ಟಿಗೆ ಸ್ಪೀಕರ್‌ಗೆ ಕಳಿಸುತ್ತದೆ. ಹಾಗಾಗಿ ಯಾವ ಸಾಮಾನು ಆರಿಸುವಾಗಲೂ ಒಂದೇ ಪ್ರಶ್ನೆ: ಇದು ಸದ್ದು ಹುಟ್ಟಿಸುತ್ತದಾ, ನುಂಗುತ್ತದಾ?

ಬೇರಿಂಗ್ ಅಂದರೆ ಸುತ್ತಲೂ ಗುಂಡುಗಳು ಉರುಳುವ ಮಾಮೂಲಿ ಬಾಲ್ ಬೇರಿಂಗ್ ಅಲ್ಲ. ಅದನ್ನು ಹಾಕಿದರೆ ಆ ಉರುಳಾಟವೇ ಹಾಡಿನ ಕೆಳಗೆ ಗುರ್ ಅಂತ ಕೇಳಿಸುತ್ತದೆ. ಬೇಕಾದ್ದು ಕಂಚಿನ ಬುಷ್ (ಕೊಳವೆಯಂಥ ತುಂಡು), ಅದರೊಳಗೆ ತಿರುಗುವ ಗಟ್ಟಿ ಸ್ಟೀಲ್ ಶಾಫ್ಟ್, ತಳದಲ್ಲಿ ಶಾಫ್ಟ್ ಕೂರಲು ಒಂದೇ ಒಂದು ಗುಂಡು. 10 ಅಥವಾ 12 ಮಿ.ಮೀ. ದಪ್ಪದ ಶಾಫ್ಟ್, 50 ಮಿ.ಮೀ. ಉದ್ದದ ಬುಷ್ ಧಾರಾಳ. ಲೀನಿಯರ್ ಬೇರಿಂಗ್‌ಗೆಂದು ಮಾರುವ, ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ ರಾಡ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಫಿಟಿಂಗ್ ಸರಿಯಿದೆಯಾ ಅಂತ ಕೈಯಲ್ಲೇ ನೋಡಬಹುದು. ಬುಷ್‌ನ ತಳವನ್ನು ಬೆರಳಿನಿಂದ ಒತ್ತಿ ಮುಚ್ಚಿ, ತೆಳುವಾಗಿ ಎಣ್ಣೆ ಸವರಿದ ಶಾಫ್ಟನ್ನು ಮೇಲಿನಿಂದ ಬಿಡಿ. ಒಳಗಿನ ಗಾಳಿ ತಡೆದು ಅದು ಮೆಲ್ಲಗೆ ಇಳಿಯಬೇಕು, ಬೆರಳು ತೆಗೆದರೆ ಸರ್ರನೆ ಜಾರಬೇಕು. ಟಕ್ಕಂತ ಬಿದ್ದರೆ ಸಡಿಲ, ನಡುವೆ ನಿಂತರೆ ಬಿಗಿ. ಲೇತ್‌ನವರ ಹತ್ತಿರ ನಿಂತು ಈ ಪರೀಕ್ಷೆ ಮಾಡಿಯೇ ತನ್ನಿ, ಇದರಲ್ಲಿ ಮುಲಾಜು ಬೇಡ.

ಮೇಲೆ ತಿರುಗುವ ತಟ್ಟೆಗೆ ಮೊದಲ ಸಲ ಅಕ್ರಿಲಿಕ್ ಒಳ್ಳೆಯದು. 300 ಮಿ.ಮೀ. ಅಗಲ, 25 ಮಿ.ಮೀ. ದಪ್ಪ ಇದ್ದರೆ ಸುಮಾರು 2 ಕೆ.ಜಿ. ತೂಗುತ್ತದೆ. ಅದರ ಗುಣ ರೆಕಾರ್ಡಿನ ಪ್ಲಾಸ್ಟಿಕ್ಕಿಗೆ ಹತ್ತಿರ, ಹಾಗಾಗಿ ರೆಕಾರ್ಡಿನಲ್ಲಿ ಉಳಿದ ಕಂಪನ ಕೆಳಗಿಳಿದು ಹೋಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ 4.8 ಕೆ.ಜಿ. ಆಗುತ್ತದೆ. ತೂಕ ಜಾಸ್ತಿ ಇದ್ದಷ್ಟು ವೇಗ ಸ್ಥಿರ, ಆದರೆ ಬೆರಳಲ್ಲಿ ತಟ್ಟಿದರೆ ಗಂಟೆ ಹಾಗೆ ಟಣ್ ಅನ್ನುತ್ತದೆ, ಮೇಲೆ ಕಾರ್ಕ್ ಅಥವಾ ರಬ್ಬರ್ ಮ್ಯಾಟ್ ಹಾಕಲೇಬೇಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಗ್ಗ, ಕೊರೆಯಲು ಸುಲಭ, ಆದರೆ ತೇವ ಹೀರಿ ಉಬ್ಬಿಕೊಳ್ಳುತ್ತದೆ, ತಟ್ಟೆ ಓಲಾಡಲು ಶುರುವಾಗುತ್ತದೆ. ಯಾವುದೇ ತಗೊಳ್ಳಿ, ಕೊನೆಯ ಕಟಿಂಗನ್ನು ತಟ್ಟೆ ಅದರದೇ ಶಾಫ್ಟ್ ಮೇಲೆ ಕೂತಿರುವಾಗ ಮಾಡಿಸಿ. ಬೇರೆ ಬೇರೆ ಮಾಡಿಸಿ ಆಮೇಲೆ ಜೋಡಿಸಿದರೆ ನಡು ಎಲ್ಲೋ ಒಂದು ಕಡೆ ಜಾರಿರುತ್ತದೆ, ಅದು ಉದ್ದನೆಯ ಸ್ವರಗಳಲ್ಲಿ ಅಲೆ ಅಲೆಯಾಗಿ ಕೇಳುತ್ತದೆ.

ಕೆಳಗಿನ ಹಲಗೆಗೆ 18 ಮಿ.ಮೀ. ಬರ್ಚ್ ಪ್ಲೈವುಡ್ ಮೂರು ಪದರ ಅಂಟಿಸಿ. ಗಾಜು, ಗ್ರಾನೈಟ್ ನೋಡಲು ಚಂದ, ಭಾರವೂ ಇದೆ, ಆದರೆ ಅವು ಸದ್ದು ನುಂಗುವುದಕ್ಕಿಂತ ಹಿಂದಕ್ಕೆ ಕೊಡುವುದೇ ಜಾಸ್ತಿ. ಸುಮ್ನೆ ಪ್ಲೈವುಡ್ ಸಾಕು.

ಮೋಟಾರಿನ ಲೆಕ್ಕ ಸ್ವಲ್ಪ ಗಮನವಿಟ್ಟು ಮಾಡಬೇಕು. ಗೇರ್ ಇರುವ ಮೋಟಾರ್ ಬೇಡ, ಹಲ್ಲುಗಳ ಸದ್ದು ಬೆಲ್ಟ್ ದಾಟಿ ಬರುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 250 ಸುತ್ತು ತಿರುಗುವ ಸಿಂಕ್ರೊನಸ್ ಮೋಟಾರ್ (ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ಒಂದೇ ವೇಗದಲ್ಲಿ ತಿರುಗುವಂಥದ್ದು) ಇಟ್ಟುಕೊಂಡರೆ, ತಟ್ಟೆಗೆ ಬೇಕಾದ್ದು 33⅓ ಸುತ್ತು. 300 ಮಿ.ಮೀ. ತಟ್ಟೆಯ ಅಂಚಿಗೇ ಬೆಲ್ಟ್ ಹಾಕಿದರೆ ಪುಲ್ಲಿ (ಮೋಟಾರಿನ ಮೇಲಿನ ಬೆಲ್ಟ್ ಚಕ್ರ) 40 ಮಿ.ಮೀ. ಅಂತ ಲೆಕ್ಕ ಬರುತ್ತದೆ. ಆದರೆ ಬೆಲ್ಟಿಗೂ ದಪ್ಪ ಇದೆ ಅಲ್ವಾ? 1 ಮಿ.ಮೀ. ದಪ್ಪದ ಬೆಲ್ಟ್ ಹಾಕಿ 40ರ ಪುಲ್ಲಿಯನ್ನೇ ಇಟ್ಟರೆ ವೇಗ ಶೇ. 2ರಷ್ಟು ಜಾಸ್ತಿಯಾಗಿ ಶ್ರುತಿ ಏರಿಬಿಡುತ್ತದೆ. ಅದಕ್ಕೆ ಪುಲ್ಲಿಯನ್ನು 39.1ಕ್ಕೆ ಇಳಿಸಿ, ಚಪ್ಪಟೆ ಬೆಲ್ಟ್ ಆದರೆ ಪುಲ್ಲಿಯ ನಡುಭಾಗ ಒಂಚೂರು ಉಬ್ಬಿರಲಿ, ಬೆಲ್ಟ್ ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ. ಮೋಟಾರನ್ನು ಹಲಗೆಗೆ ಬಿಗಿಯಬೇಡಿ, ಪಕ್ಕದಲ್ಲಿ ಬೇರೆಯದೇ ಒಂದು ಭಾರವಾದ ಡಬ್ಬಿಯಲ್ಲಿ ಕೂರಿಸಿ. ಮನೆ ಕರೆಂಟ್ ನೇರ ಹೋಗುವ ಮೋಟಾರಾದರೆ ವೈರಿಂಗ್ ತಿಳಿದವರಿಂದಲೇ ಮಾಡಿಸಿ, ಲೋಹದ ಡಬ್ಬಿಗೆ ಅರ್ಥ್ ಕೊಡಿಸಿ.

ವೇಗ ನೋಡಲು ಯಂತ್ರ ಬೇಕಿಲ್ಲ. ರೆಕಾರ್ಡಿನ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ ಎಣಿಸಿ. ಸರಿಯಾಗಿ 3 ನಿಮಿಷಕ್ಕೆ 100 ಸುತ್ತು ಬರಬೇಕು. ಸೂಜಿ ರೆಕಾರ್ಡಿನ ಮೇಲೆ ಇರುವಾಗಲೇ ಎಣಿಸಿ, ಅದರ ಎಳೆತವೂ ಲೆಕ್ಕಕ್ಕೆ ಸೇರಲಿ.

ಟೋನ್‌ಆರ್ಮನ್ನು, ಅಂದರೆ ಸೂಜಿಯನ್ನು ಹಿಡಿದು ರೆಕಾರ್ಡಿನ ಮೇಲೆ ಸಾಗುವ ಕೈಯನ್ನು, ಮೊದಲ ಸಲ ಕೊಂಡುಕೊಳ್ಳಿ. ಅದನ್ನೂ ಕಟ್ಟಬಹುದು, ಒಂದೇ ಮೊನೆಯ ಮೇಲೆ ನಿಲ್ಲುವ ಮರದ ಆರ್ಮ್ ಬಹಳ ಚೆನ್ನಾಗಿ ಹಾಡುತ್ತದೆ, ಆದರೆ ಎರಡೂ ಹೊಸದಾದರೆ ತೊಂದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಕಷ್ಟ. ಕೊಳ್ಳುವಾಗ ಕಾರ್ಟ್ರಿಜ್‌ಗೆ (ಆರ್ಮಿನ ತುದಿಯಲ್ಲಿ ಸೂಜಿ ಇರುವ ಭಾಗ) ಹೊಂದುತ್ತದಾ ನೋಡಿ. ಆರ್ಮಿನ ತೂಕ, ಕಾರ್ಟ್ರಿಜ್‌ನ ಸೂಜಿ ಎಷ್ಟು ಸಲೀಸಾಗಿ ಬಳುಕುತ್ತದೆ ಅನ್ನುವುದು ಎರಡೂ ಸೇರಿ 8ರಿಂದ 12 ಹರ್ಟ್ಸ್ ನಡುವೆ ಕಂಪಿಸುವಂತಿರಬೇಕು. ಅದಕ್ಕಿಂತ ಕೆಳಗೆ ಹೋದರೆ ಸೊಟ್ಟ ರೆಕಾರ್ಡಿಗೂ ಹೆಜ್ಜೆ ಸಪ್ಪಳಕ್ಕೂ ಆರ್ಮ್ ಕುಣಿಯುತ್ತದೆ, ಮೇಲೆ ಹೋದರೆ ಹಾಡಿನ ಕೆಳಸ್ವರಕ್ಕೇ ತಾಗುತ್ತದೆ. ತಟ್ಟೆಯ ನಡುವಿನಿಂದ ಆರ್ಮ್ ಕೂರುವ ತೂತಿಗೆ ಎಷ್ಟು ದೂರ ಅಂತ ಆರ್ಮಿನ ಜೊತೆ ಕೊಟ್ಟಿರುತ್ತಾರೆ, ಅದನ್ನು ಮಿಲಿಮೀಟರ್ ತಪ್ಪದಂತೆ ಗುರುತು ಮಾಡಿ. ತೂತನ್ನು ದೊಡ್ಡ ಹಲಗೆಗೆ ಹೊಡೆಯದೆ, ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಸಣ್ಣ ಹಲಗೆಗೆ ಹೊಡೆಯಿರಿ.

ಎಲ್ಲ ಜೋಡಿಸಿದ ಮೇಲೆ ಬೆಲ್ಟ್ ತೆಗೆದಿಡಿ. ವಾಲ್ಯೂಮ್ ಕಡಿಮೆ ಮಾಡಿ, ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ನಿಧಾನಕ್ಕೆ ವಾಲ್ಯೂಮ್ ಏರಿಸಿ, ಆಮೇಲೆ ಮೋಟಾರ್ ಹಾಕಿ. ಆಗ ಹೊಸದಾಗಿ ಗುಂಯ್ ಅಂತ ಶುರುವಾದರೆ ಡಬ್ಬಿಯನ್ನು ಸ್ವಲ್ಪ ದೂರ ಸರಿಸಿ ನೋಡಿ. ಕಡಿಮೆಯಾಗದಿದ್ದರೆ ಅದು ಮೇಜಿನ ಮೂಲಕ ಬರುತ್ತಿದೆ, ಡಬ್ಬಿಯ ಕೆಳಗೆ ಮೆತ್ತನೆಯ ರಬ್ಬರ್ ಇಡಿ. ಮೋಟಾರ್ ಆಫ್ ಇದ್ದಾಗಲೂ ಹಮ್ ಇದ್ದರೆ ಆರ್ಮಿನಿಂದ ಫೋನೋ ಆಂಪ್ಲಿಫೈಯರ್‌ಗೆ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪೆಟ್ಟಿಗೆ) ಹೋಗುವ ಅರ್ಥ್ ವೈರ್ ಸರಿಯಾಗಿ ಕೂತಿಲ್ಲ ಅಂತಲೇ ಹೆಚ್ಚಾಗಿ ಅರ್ಥ. ಬೇರಿಂಗ್‌ನ ಲೋಹವನ್ನೂ ಅದೇ ಜಾಗಕ್ಕೆ ಒಂದು ವೈರಿನಿಂದ ಸೇರಿಸಿಬಿಡಿ.