ಎರಡು ವರ್ಷ ತುಂಬಿದ ಕೂಸಿಗೆ ಯಾವ ಹಾಲು?

ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದ ತಾಯಂದಿರು ನಮ್ಮ ಸಂಘದಲ್ಲಿ ಮ್ಯಾಲಿಂದ ಮ್ಯಾಲೆ ಕೇಳುವ ಪ್ರಶ್ನೆ ಇದು: "ಎರಡು ವರ್ಷ ಆದಮ್ಯಾಲೆ ಜಿಡ್ಡು ಕಡಿಮಿ ಇರೋ ಹಾಲು ಕೊಡಬೇಕಂತ ಓದೀವ್ರಿ, ಇಲ್ಲಿ ಯಾವ ಪ್ಯಾಕೆಟ್ ತಗೋಬೇಕು?"

ಆ ಸಲಹೆ ಹೆಚ್ಚಾಗಿ ಅಮೆರಿಕದ ಮಕ್ಕಳ ವೈದ್ಯರದು. ಅಲ್ಲಿ ಪೂರ್ತಿ ಕೆನೆಯ ಹಾಲೆಂದರೆ ಜಿಡ್ಡು 3.25%. ನಮ್ಮಲ್ಲಿ ಜಿಡ್ಡು ಇಳಿಸಿದ ಟೋನ್ಡ್ ಹಾಲಿಗೇ 3%, ಸ್ಟ್ಯಾಂಡರ್ಡೈಸ್ಡ್‌ಗೆ 4.5%, ಫುಲ್ ಕ್ರೀಮ್‌ಗೆ 6%. ಗೌಳಿಗರು ಮನೆಬಾಗಿಲಿಗೆ ತಂದು ಹಾಕುವ ಎಮ್ಮೆ ಹಾಲಿನಲ್ಲಿ ಸಾಮಾನ್ಯವಾಗಿ 6ರಿಂದ 8%. ಅಂದಮೇಲೆ ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಅಲ್ಲಿನವರ ಪೂರ್ತಿ ಹಾಲಿಗೆ ಹತ್ತಿರ ಹತ್ತಿರ ಸಮ. ನಿಮ್ಮ ಕೂಸು ಈಗಾಗಲೇ ಅದನ್ನೇ ಕುಡಿಯುತ್ತಿದ್ದರೆ ಏನೂ ಬದಲಿಸುವ ಅವಸರ ಬೇಡ. ಪ್ಯಾಕೆಟ್ಟಿನ ಬಣ್ಣ ನೋಡಿ ಮೋಸ ಹೋಗದೆ, ಸಣ್ಣಕ್ಷರದಲ್ಲಿ ಬರೆದ ಜಿಡ್ಡಿನ ಅಂಕಿ ಓದಿ. 1.5% ಎಂದಿದ್ದರೆ ಅದು ಡಬಲ್ ಟೋನ್ಡ್. ಸಕ್ಕರೆ ಕಾಯಿಲೆಯ ಅಜ್ಜನಿಗೆ ತಂದ ಆ ಹಾಲನ್ನೇ, ಡಾಕ್ಟರು ಹೇಳದ ಹೊರತು, ಮೊಮ್ಮಗಳಿಗೂ ಹಾಕಬೇಡಿ. ಕೆನೆ ಪೂರ್ತಿ ತೆಗೆದ ಹಾಲಂತೂ ಐದು ವರ್ಷದೊಳಗಿನವರಿಗೆ ಬೇಡವೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯೂ ಹೇಳುತ್ತದೆ.

ಒಂದರಿಂದ ಎರಡು ವರ್ಷದವರೆಗೆ ಮಿದುಳು ಭರದಿಂದ ಬೆಳೆಯುತ್ತದೆ, ಅದಕ್ಕೆ ಜಿಡ್ಡು ಬೇಕು. ಆ ವಯಸ್ಸಿನಲ್ಲಿ ಹಾಲಿನ ಕೆನೆ ತೆಗೆಯಲು ಹೋಗಬೇಡಿ.

ಗೌಳಿಗರ ಹಾಲು ಹಾಕಿಸಿಕೊಳ್ಳುವವರು, ಎರಡು ತುಂಬಿದ ಮೇಲೆ, ಹಾಲನ್ನು ಚೆನ್ನಾಗಿ ಉಕ್ಕು ಬರುವಂತೆ ಕಾಯಿಸಿ ಆರಲು ಬಿಡಿ. ಮೇಲೆ ರೊಟ್ಟಿಯಷ್ಟು ದಪ್ಪಗೆ ಕಟ್ಟಿದ ಕೆನೆಯನ್ನು ಚಮಚದಿಂದ ಒಂದು ಬದಿಯಿಂದ ಎತ್ತಿ ಬೇರೆ ಬಟ್ಟಲಿಗೆ ಹಾಕಿದರೆ ಜಿಡ್ಡಿನ ಒಂದು ಪಾಲು ಹೋಗುತ್ತದೆ. ಅದನ್ನು ಹೆಪ್ಪು ಹಾಕಿ ಬೆಣ್ಣೆ ಮಾಡಿಕೊಳ್ಳಿ. ಹಾಲು ತೆಳ್ಳಗಾಗಲೆಂದು ನೀರು ಮಾತ್ರ ಬೆರೆಸಬೇಡಿ. ಜಿಡ್ಡಿನ ಜೊತೆ ಪ್ರೋಟೀನು, ಕ್ಯಾಲ್ಸಿಯಂ ಎಲ್ಲವೂ ತೆಳುವಾಗುತ್ತದೆ. ಟೋನ್ಡ್ ಹಾಲಿನಲ್ಲಿ ಹಾಗಾಗುವುದಿಲ್ಲ, ಜಿಡ್ಡು ಇಳಿದರೂ ಉಳಿದ ಸತ್ವ 8.5% ಇರಲೇಬೇಕೆಂಬ ನಿಯಮವಿದೆ.

ಎಮ್ಮೆ ಹಾಲಿನ ರುಚಿ ಹತ್ತಿದ ಮಕ್ಕಳು ಜಿಡ್ಡು ಕಡಿಮೆಯ ಹೊಸ ಹಾಲನ್ನು ಥೂ ಎಂದು ಉಗುಳಬಹುದು. ಮುಕ್ಕಾಲು ಹಳೆಯದಕ್ಕೆ ಕಾಲು ಹೊಸದು ಸೇರಿಸಿ ಶುರುಮಾಡಿ, ಕೆಲವು ದಿನಕ್ಕೊಮ್ಮೆ ಪಾಲು ಹೆಚ್ಚಿಸಿ. ರುಚಿಗೆಂದು ಸಕ್ಕರೆ ಸುರಿಯಬೇಡಿ.

ಬದಲಿಸಬೇಕೋ ಬೇಡವೋ ಎಂಬುದನ್ನು ಕೂಸಿನ ತೂಕವೇ ಹೇಳಬೇಕು. ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಾರ್ಡಿನ ತೂಕದ ಗೆರೆ ಏರುತ್ತಿಲ್ಲವೆಂದರೆ, ಊಟಕ್ಕೆ ಹಠ ಮಾಡುತ್ತಿದ್ದರೆ, ಜಿಡ್ಡು ಕಡಿಮೆ ಮಾಡುವ ಯೋಚನೆ ಬಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ; ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕೆಎಂಸಿಆರ್‌ಐನಲ್ಲೂ (ಮೊದಲಿನ ಹೆಸರು ಕಿಮ್ಸ್) ಮಕ್ಕಳ ವಿಭಾಗವಿದೆ. ಮನೆಯಲ್ಲಿ ಹೃದಯದ ತೊಂದರೆಯ ಹಿನ್ನೆಲೆ ಇದ್ದರೆ ಅದನ್ನೂ ಅವರಿಗೆ ತಿಳಿಸಿ.

ಯಾವ ಹಾಲಾದರೂ ದಿನಕ್ಕೆ ಎರಡು ಲೋಟ, ಅಂದರೆ 400ರಿಂದ 500 ಮಿಲಿ, ಸಾಕು. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. "ಊಟ ಮಾಡಲಿಲ್ಲ, ಹಾಲಾದ್ರೂ ಕುಡೀಲಿ" ಎಂದು ಬಾಟಲಿ ಮೇಲೆ ಬಾಟಲಿ ಕೊಟ್ಟರೆ ಕೂಸಿಗೆ ಹಸಿವೇ ಆಗದೆ ರಕ್ತಹೀನತೆ ಬರಬಹುದು. ಮೊದಲು ಮೆತ್ತಗಿನ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ ತಿನ್ನಿಸಿ, ಹಾಲು ಆಮೇಲೆ ಲೋಟದಲ್ಲಿ ಕೊಡಿ.